ಕುಟ್ಟಾಣಿ ಕೊಳ್ಳುವ ಮುನ್ನ

ಮಡಿವಾಳದ ಪೇಟೆಯಲ್ಲಿ ಕುಟ್ಟಾಣಿ ಕೊಳ್ಳುವವರು ಮೊದಲು ನೋಡುವುದು ಕಲ್ಲಿನ ನುಣುಪನ್ನು. ನೋಡಬೇಕಾದ್ದು ಗಡಸುತನವನ್ನು. ಮೋಸ್ ಮಾಪಕದಲ್ಲಿ ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್‌ಗೆ 1, ಅಮೃತಶಿಲೆಗೆ ಸುಮಾರು 3, ಗ್ರಾನೈಟಿಗೆ 6ರಿಂದ 7. ಮೆತ್ತನೆಯ ಕಲ್ಲು ಸವೆದರೆ ಪುಡಿ ಸೇರುವುದು ಚಟ್ನಿಗೇ! ಅಮೃತಶಿಲೆಗೆ ಇನ್ನೊಂದು ತೊಡಕು: ಅದು ಕ್ಯಾಲ್ಸಿಯಂ ಕಾರ್ಬೊನೇಟ್, ನಿಂಬೆ, ಹುಣಿಸೆಯ ಆಮ್ಲ ಅದನ್ನು ಕೊರೆಯುತ್ತದೆ.

ಮಕ್ಕಳೂ ಮಾಡಬಹುದಾದ ಪರೀಕ್ಷೆಯೊಂದಿದೆ. ಅಂಗಡಿಯವರನ್ನು ಕೇಳಿ, ಕುಟ್ಟಾಣಿಯ ತಳದಲ್ಲಿ ಕಬ್ಬಿಣದ ಮೊಳೆಯಿಂದ ಗೀರಿ. ಮೆತ್ತನೆಯ ಕಲ್ಲಿನಲ್ಲಿ ಗೀರು ಇಳಿಯುತ್ತದೆ. ಗ್ರಾನೈಟಿನಲ್ಲಿ ಮೊಳೆಯೇ ಸವೆದು ಬೂದುಗೆರೆ ಉಳಿಯುತ್ತದೆ. ಕಪ್ಪು ಬಣ್ಣವನ್ನಷ್ಟೇ ನಂಬಬೇಡಿ, ಎಣ್ಣೆ ಬಳಿದರೂ ಕಲ್ಲು ಕಪ್ಪಾಗಿ ಕಾಣುತ್ತದೆ. ಮನೆಗೆ ತಂದ ಮೇಲೆ ತೊಳೆದು, ಹಿಡಿ ಅಕ್ಕಿ ಅರೆದು ಚೆಲ್ಲಿ. ಹಿಟ್ಟು ಬೆಳ್ಳಗೆ ಬರುವ ತನಕ ಹೀಗೆಯೇ ಮಾಡಿ.