ಗೇರ್‌ಬಾಕ್ಸ್‌ನೊಳಗಿನ ಹಿತ್ತಾಳೆ ಬಳೆ

ಓದುಗರೊಬ್ಬರು ಕೇಳಿದ್ದಾರೆ: ‘ಮೊಬೈಲ್ ವಿಡಿಯೊಗಳಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗೇರ್ ಬದಲಿಸುತ್ತಾರೆ. ಆಕ್ಸಲರೇಟರ್ ಮೇಲಿನ ಕಾಲನ್ನೂ ತೆಗೆಯುವುದಿಲ್ಲ. ನಮ್ಮ ಕಾರಿನಲ್ಲಿ ಹಾಗೆ ಮಾಡಿದರೆ ಗೇರ್ ಹಲ್ಲುಗಳು ಸವೆದುಹೋಗುತ್ತವೆಯೆ?’

ಗೇರ್ ಹಲ್ಲುಗಳಿಗೆ ಅಷ್ಟು ಸುಲಭಕ್ಕೆ ಏನೂ ಆಗದು. ಸವೆಯುವುದು ಬೇರೆಯದೇ ಭಾಗ.

ಈಗಿನ ಕಾರುಗಳಲ್ಲಿ ಮುಂದಕ್ಕೆ ಸಾಗುವ ಗೇರ್‌ಗಳೆಲ್ಲ ಯಾವಾಗಲೂ ತಮ್ಮ ಜೋಡಿಯೊಂದಿಗೆ ಕಚ್ಚಿಕೊಂಡೇ ಇರುತ್ತವೆ. ಪ್ರತಿ ಜೋಡಿಯಲ್ಲೂ ಒಂದು ಚಕ್ರ ತನ್ನ ಶಾಫ್ಟ್ ಮೇಲೆ ಸಡಿಲವಾಗಿ ಸುತ್ತುತ್ತಿರುತ್ತದೆ. ಲಿವರ್ ಎಳೆದಾಗ ಜರುಗುವುದು ಸ್ಲೀವ್ ಎಂಬ ಒಂದು ಕೊಳವೆ. ಅದು ಆ ಸಡಿಲ ಚಕ್ರವನ್ನು ಶಾಫ್ಟ್‌ಗೆ ಬಿಗಿಯುತ್ತದೆ. ಹಾಗಾಗಿ ಗೇರ್ ಸರಿಯಾಗಿ ಬೀಳದೆ ‘ಕರ್‌ರ್’ ಎಂದಾಗ ಕೇಳಿಸುವುದು ದೊಡ್ಡ ಗೇರ್ ಹಲ್ಲುಗಳ ಸದ್ದಲ್ಲ. ಸ್ಲೀವ್‌ನ ಮೊನೆಗಳು ಗೇರ್‌ನ ಪಕ್ಕದಲ್ಲಿರುವ ಪುಟ್ಟ ಹಲ್ಲುಗಳಿಗೆ ಬಡಿಯುವ ಸದ್ದು ಅದು.

ಅವು ಬಡಿದುಕೊಳ್ಳುವುದೇಕೆ? ಚಲಿಸುತ್ತಿರುವ ಬಸ್ಸಿಗೆ ಹತ್ತುವವರನ್ನು ನೆನಪಿಸಿಕೊಳ್ಳಿ. ನಿಂತಲ್ಲಿಂದಲೇ ಕಂಬಿಗೆ ಕೈ ಹಾಕಿದವನ ಭುಜ ಕಿತ್ತು ಬಂದಂತಾಗುತ್ತದೆ. ಅನುಭವಿ ಕಂಡಕ್ಟರ್ ಮೊದಲು ಬಸ್ಸಿನ ಜೊತೆಗೆ ನಾಲ್ಕು ಹೆಜ್ಜೆ ಓಡಿ, ಅದರ ವೇಗಕ್ಕೆ ಬಂದು, ಆಮೇಲೆ ಕಂಬಿ ಹಿಡಿಯುತ್ತಾನೆ. ಅವನ ವೇಗವೂ ಬಸ್ಸಿನ ವೇಗವೂ ಒಂದಾದ ಗಳಿಗೆಯಲ್ಲಿ ಹತ್ತುವುದು ಮೆಟ್ಟಿಲು ಹತ್ತಿದಷ್ಟೇ ಸಲೀಸು. ಅವನು ಕೈಯನ್ನು ಎಷ್ಟು ಚುರುಕಾಗಿ ಚಾಚಿದ ಎಂಬುದು ಇಲ್ಲಿ ಮುಖ್ಯವಲ್ಲ, ಎಷ್ಟು ಸರಿಯಾಗಿ ಓಡಿದ ಎಂಬುದು ಮುಖ್ಯ.

ಗೇರ್‌ಬಾಕ್ಸ್‌ನಲ್ಲಿ ಈ ಓಟದ ಲೆಕ್ಕ ಹೀಗಿರುತ್ತದೆ. ಎರಡನೇ ಗೇರ್‌ನ ಅನುಪಾತ 1.95, ಮೂರನೆಯದು 1.30 ಎಂದುಕೊಳ್ಳಿ. ಎರಡರಲ್ಲಿ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುತ್ತಿದ್ದರೆ, ಕಾರಿನ ಅದೇ ವೇಗದಲ್ಲಿ ಮೂರಕ್ಕೆ ಹೋಗಲು ಸುಮಾರು 2,670 ಸುತ್ತು ಸಾಕು. ಕ್ಲಚ್ ಒತ್ತಿದ ಮೇಲೂ ಕ್ಲಚ್ ಪ್ಲೇಟ್, ಇನ್‌ಪುಟ್ ಶಾಫ್ಟ್ ಮತ್ತು ಅದಕ್ಕೆ ಕಚ್ಚಿಕೊಂಡ ಚಕ್ರಗಳು ಹಳೆಯ ವೇಗದಲ್ಲೇ ತಿರುಗುತ್ತಿರುತ್ತವೆ. ಅವುಗಳ ವೇಗವನ್ನು ಯಾರಾದರೂ 1,330 ಸುತ್ತು ತಗ್ಗಿಸಲೇಬೇಕು.

ಈ ಕೆಲಸ ಮೊದಲು ಚಾಲಕನದೇ ಆಗಿತ್ತು. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಎಂಜಿನ್ ವೇಗವನ್ನು ಕಿವಿಯಲ್ಲೇ ಅಳೆದು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕಿತ್ತು. ಹಳೆಯ ಲಾರಿ ಚಾಲಕರು ಇದನ್ನು ‘ಡಬಲ್ ಕ್ಲಚ್’ ಎಂದೇ ಕರೆಯುತ್ತಾರೆ. ಅಮೆರಿಕದ ಎಂಜಿನಿಯರ್ ಅರ್ಲ್ ಥಾಂಪ್ಸನ್ ಈ ಹೊರೆಯನ್ನು ಯಂತ್ರಕ್ಕೇ ಒಪ್ಪಿಸಿದರು. ಹಲ್ಲು ಹಲ್ಲು ಕೂಡುವ ಮೊದಲು ಎರಡು ಶಂಕುವಿನಾಕಾರದ ಮೈಗಳು ಉಜ್ಜಿಕೊಳ್ಳಲಿ, ಆ ಘರ್ಷಣೆಯೇ ವೇಗಗಳನ್ನು ಸರಿದೂಗಿಸಲಿ ಎಂಬುದು ಅವರ ಉಪಾಯ. 1928ರಲ್ಲಿ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಈ ಸಿಂಕ್ರೊಮೆಶ್ ಮಾರುಕಟ್ಟೆಗೆ ಬಂತು. ಅದು ಎಲ್ಲ ಗೇರ್‌ಗಳಿಗೂ ಹಬ್ಬಲು ಕಾಲ ಹಿಡಿಯಿತು. ನಮ್ಮ ಹಳೆಯ ಅಂಬಾಸಿಡರ್‌ಗಳ ಮೊದಲ ಗೇರ್‌ಗೆ ಸಿಂಕ್ರೊ ಇರಲಿಲ್ಲ, ಡಬಲ್ ಕ್ಲಚ್ ಮಾಡದವರು ಕಾರು ಪೂರ್ತಿ ನಿಂತ ಮೇಲೆಯೇ ಅದನ್ನು ಹಾಕಬೇಕಿತ್ತು. ಇದೇ ಥಾಂಪ್ಸನ್ ಮುಂದೆ ಗೇರ್ ಬದಲಿಸುವ ಗೊಡವೆಯೇ ಇಲ್ಲದ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್ ಅಭಿವೃದ್ಧಿಯ ನೇತೃತ್ವವನ್ನೂ ವಹಿಸಿದರು. ಇಷ್ಟು ದೊಡ್ಡ ಉಪಕಾರ ಮಾಡಿದವರ ಹೆಸರು ಕಾರು ಓಡಿಸುವ ಬಹುತೇಕರಿಗೆ ಗೊತ್ತಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಬಿಚ್ಚಿದ ಗೇರ್‌ಬಾಕ್ಸ್ ಮೆಕ್ಯಾನಿಕ್ ಬಳಿ ಸಿಕ್ಕರೆ ಆ ಶಂಕುವಿನಾಕಾರದ ಮೈಗಳಲ್ಲಿ ಒಂದನ್ನು ಹೊತ್ತ ಸಿಂಕ್ರೊ ಬಳೆಯನ್ನು ಕೈಗೆತ್ತಿಕೊಂಡು ನೋಡಿ. ಸಾಮಾನ್ಯವಾಗಿ ಹಿತ್ತಾಳೆಯದು. ಒಳಮೈಗೆ ಬೆರಳಾಡಿಸಿದರೆ ಕೂದಲೆಳೆಯಷ್ಟು ಸಣ್ಣ ಗೀರುಗಳು ಉಗುರಿಗೆ ತಾಗುತ್ತವೆ. ಆಯಿಲ್ ಪೊರೆಯನ್ನು ಕತ್ತರಿಸಿ ಲೋಹವು ಲೋಹವನ್ನು ಹಿಡಿಯುವಂತೆ ಮಾಡುವುದು ಈ ಗೀರುಗಳೇ. ಹೊರ ಅಂಚಿನಲ್ಲಿ ಮೊನಚಾದ ಹಲ್ಲುಗಳಿವೆ. ವೇಗದಲ್ಲಿ ವ್ಯತ್ಯಾಸ ಇರುವಷ್ಟು ಹೊತ್ತೂ ಘರ್ಷಣೆ ಬಳೆಯನ್ನು ಒಂದಿಷ್ಟು ಓರೆಗೆ ತಿರುಗಿಸಿ ಹಿಡಿದಿರುತ್ತದೆ, ಆ ಹಲ್ಲುಗಳು ಸ್ಲೀವ್‌ಗೆ ಅಡ್ಡ ನಿಲ್ಲುತ್ತವೆ. ವೇಗ ಒಂದಾದೊಡನೆ ಘರ್ಷಣೆ ಇಲ್ಲವಾಗಿ ಬಳೆ ದಾರಿ ಬಿಡುತ್ತದೆ. ಲಿವರ್ ಕ್ಷಣಕಾಲ ತಡೆದು ಆಮೇಲೆ ‘ಟಕ್’ ಎಂದು ಒಳಗೆ ಹೋಗುವುದು ಇದರಿಂದಲೇ. ಹಳೆಯ ಬಳೆಯಲ್ಲಿ ಗೀರುಗಳು ಸವೆದು ಒಳಮೈ ನುಣುಪಾಗಿ ಹೊಳೆಯುತ್ತದೆ. ಅದಕ್ಕೆ ಹಿಡಿತ ಸಾಲದು, ಅಡ್ಡ ನಿಲ್ಲುವ ಬಲವೂ ಇರದು.

ಈಗ ವೇಗವಾಗಿ ಗೇರ್ ಬದಲಿಸುವ ವಿಷಯಕ್ಕೆ ಬರೋಣ. ಬಳೆ ಪ್ರತಿ ಸಲ ನುಂಗಬೇಕಾದ ಶಕ್ತಿ ವೇಗವ್ಯತ್ಯಾಸದ ವರ್ಗಕ್ಕೆ ಅನುಗುಣ. ವ್ಯತ್ಯಾಸ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಲಿವರನ್ನು ಜೋರಾಗಿ ಒತ್ತಿದರೆ ಅಷ್ಟೇ ಶಕ್ತಿ ಕಡಿಮೆ ಸಮಯದಲ್ಲಿ ಬಿಸಿಯಾಗಿ ಬಳೆಗಿಳಿಯುತ್ತದೆ. ಎರಡನೇ ಗೇರ್‌ನ ಬಳೆ ಸಾಮಾನ್ಯವಾಗಿ ಮೊದಲು ಸೋಲುವುದು ಇದೇ ಕಾರಣಕ್ಕೆ: ಕೆಳಗಿನ ಗೇರ್‌ಗಳ ನಡುವೆ ಅಂತರ ಹೆಚ್ಚು, ಬಳಕೆಯೂ ಹೆಚ್ಚು. ಆಕ್ಸಲರೇಟರ್ ಬಿಡದೆ ಬದಲಿಸಿದರೆ ಪೆಟ್ಟು ಕ್ಲಚ್‌ಗೂ ಬೀಳುತ್ತದೆ. ಏರಿಹೋದ ಎಂಜಿನ್ ವೇಗವನ್ನೆಲ್ಲ ಕ್ಲಚ್ ಪ್ಲೇಟ್ ಉಜ್ಜಿ ಉಜ್ಜಿ ಇಳಿಸಬೇಕು, ಉಳಿದ ಹೊಡೆತ ಡ್ರೈವ್ ಶಾಫ್ಟ್, ಎಂಜಿನ್ ಮೌಂಟ್‌ಗಳ ಪಾಲಿಗೆ. ಇಷ್ಟೆಲ್ಲ ತೆತ್ತು ಗಳಿಸುವುದು ಸೆಕೆಂಡಿನ ಒಂದು ಭಾಗ ಮಾತ್ರ. ರೇಸ್ ಕಾರುಗಳ ಮಾತು ಬೇರೆ. ಅವುಗಳಲ್ಲಿ ಸಿಂಕ್ರೊ ಬಳೆಯೇ ಇಲ್ಲದ, ದಪ್ಪ ಹಲ್ಲುಗಳ ಡಾಗ್ ಗೇರ್‌ಬಾಕ್ಸ್ ಇರುತ್ತದೆ. ಅದನ್ನು ಮತ್ತೆ ಮತ್ತೆ ಬಿಚ್ಚಿ ಪರಿಶೀಲಿಸುತ್ತಾರೆ. ವಿಡಿಯೊಗಳು ಹೇಳದೆ ಬಿಡುವುದು ಇದನ್ನೇ.

ಘಾಟಿ ಇಳಿಯುವಾಗ ಮೂರರಿಂದ ಎರಡಕ್ಕೆ ಬರುವವರು ಆಕ್ಸಲರೇಟರನ್ನು ಚಿಕ್ಕದಾಗಿ ಒತ್ತಿ ಎಂಜಿನ್ ವೇಗ ಏರಿಸಿ ಕ್ಲಚ್ ಬಿಡುತ್ತಾರಲ್ಲ, ಅದು ಒಳ್ಳೆಯ ಅಭ್ಯಾಸ, ಜರ್ಕ್ ಬರುವುದಿಲ್ಲ. ಆದರೆ ಅದರಿಂದ ಸಿಂಕ್ರೊ ಉಳಿಯುತ್ತದೆಂಬ ನಂಬಿಕೆ ತಪ್ಪು. ಕ್ಲಚ್ ಒತ್ತಿರುವಾಗ ಎಂಜಿನ್‌ಗೂ ಇನ್‌ಪುಟ್ ಶಾಫ್ಟ್‌ಗೂ ಸಂಬಂಧವೇ ಇರುವುದಿಲ್ಲವಾದ್ದರಿಂದ ಉಳಿಯುವುದು ಕ್ಲಚ್ ಮಾತ್ರ. ಬಳೆಯ ಹೊರೆ ಇಳಿಯಬೇಕಾದರೆ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ಆಕ್ಸಲರೇಟರ್ ಒತ್ತಬೇಕು, ಅಂದರೆ ಅದೇ ಹಳೆಯ ಡಬಲ್ ಕ್ಲಚ್. ಇಂದಿನ ಕಾರಿಗೆ ದಿನನಿತ್ಯ ಅದರ ಅಗತ್ಯವಿಲ್ಲ. ಲಿವರನ್ನು ತಡೆ ಸಿಗುವವರೆಗೆ ತಂದು, ಅದೇ ಹದದ ಒತ್ತಡದಲ್ಲಿ ಹಿಡಿದರೆ ಬಳೆ ತನ್ನ ಕೆಲಸ ತಾನೇ ಮುಗಿಸುತ್ತದೆ.

ನಿಮ್ಮ ಕಾರಿನಲ್ಲಿ ಎರಡನೇ ಗೇರ್ ಈಗಲೇ ಗಟ್ಟಿ ಎನಿಸುತ್ತಿದ್ದರೆ ಮೊದಲು ಆಯಿಲ್ ನೋಡಿಸಿ. ಚಳಿಯ ಬೆಳಿಗ್ಗೆ ಮಾತ್ರ ಗಟ್ಟಿಯಾಗಿದ್ದು ಬಿಸಿಯಾದ ಮೇಲೆ ಸರಿಹೋದರೆ ಅದು ಆಯಿಲ್ ಮಂದವಾದದ್ದರ ಲಕ್ಷಣ. ಜಿಎಲ್-4 ದರ್ಜೆಯ ಆಯಿಲ್ ಹಾಕಿ ಎಂದಿರುವ ಗೇರ್‌ಬಾಕ್ಸ್‌ಗೆ, ದೊಡ್ಡ ಸಂಖ್ಯೆ ಮೇಲೆಂದುಕೊಂಡು ಜಿಎಲ್-5 ಸುರಿಯಬೇಡಿ. ಅದರಲ್ಲಿ ಹೆಚ್ಚಿರುವ ಗಂಧಕದ ಸಂಯುಕ್ತಗಳು ಹಿತ್ತಾಳೆಯನ್ನು ತಿನ್ನಬಹುದು, ಅತಿಯಾದ ಜಾರಿಕೆ ಬಳೆಯ ಹಿಡಿತವನ್ನೂ ಕಳೆಯಬಹುದು. ಬಿಸಿಯಾದ ಮೇಲೂ ‘ಕರ್‌ರ್’ ಎನ್ನುತ್ತಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿದೆಯೇ ಎಂದು ಪರೀಕ್ಷಿಸಿ. ಅದೂ ಸರಿಯಿದ್ದರೆ ಗೇರ್‌ಬಾಕ್ಸ್ ಇಳಿಸಿ ಬಳೆಯನ್ನೇ ಬದಲಿಸಬೇಕಾಗುತ್ತದೆ.