ಗೋಕರ್ಣದ ಏಕಾಂತ ಕಡಲತೀರಗಳು

ಗೋಕರ್ಣದ ಏಕಾಂತ ಕಡಲತೀರಗಳು ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಅರಬ್ಬೀ ಸಮುದ್ರದ ಅಂಚಿನಲ್ಲಿರುವ ಚಿಕ್ಕ ಮರಳುತೀರಗಳು. ಗೋಕರ್ಣ ಪಟ್ಟಣದಿಂದ ದಕ್ಷಿಣಕ್ಕೆ ಕ್ರಮವಾಗಿ ಕುಡ್ಲೆ, ಓಂ, ಹಾಫ್ ಮೂನ್ ಮತ್ತು ಪ್ಯಾರಡೈಸ್ ತೀರಗಳಿವೆ. ಕೊನೆಯ ಎರಡು ತೀರಗಳು ಡೇರೆ ಹಾಕಿ ತಂಗಬಯಸುವ ಚಾರಣಿಗರಲ್ಲಿ ಹೆಸರಾಗಿವೆ.

ಭೂರಚನೆ

ಮರುಭೂಮಿಯ ಕರಾವಳಿಗಳಲ್ಲಿ ಜನವಸತಿ ದೂರವಿರುವುದೇ ಏಕಾಂತಕ್ಕೆ ಕಾರಣ. ಇಲ್ಲಿ ಊರು ಸಮೀಪದಲ್ಲಿದ್ದರೂ ಸಮುದ್ರಕ್ಕೆ ಚಾಚಿಕೊಂಡಿರುವ ಗುಡ್ಡಗಳು ತೀರಗಳನ್ನು ಒಂದರಿಂದೊಂದು ಬೇರ್ಪಡಿಸಿವೆ. ಓಂ ತೀರದ ಸಮೀಪದವರೆಗೆ ರಸ್ತೆಯಿದೆ. ಅಲ್ಲಿಂದ ಹಾಫ್ ಮೂನ್ ತೀರವನ್ನು ಗುಡ್ಡದ ಕಾಲುದಾರಿಯಿಂದ ಅಥವಾ ದೋಣಿಯಿಂದ ತಲುಪಬೇಕು. ಏಕಾಂತವನ್ನು ಒದಗಿಸುವ ಈ ಗುಡ್ಡಗಳೇ ಅಪಘಾತದ ವೇಳೆ ನೆರವು ತಡವಾಗಲು ಕಾರಣವಾಗುತ್ತವೆ.

ಸ್ಥಳದ ಆಯ್ಕೆ

ಈ ಕರಾವಳಿಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಉಬ್ಬರವಿಳಿತ ಉಂಟಾಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಮೇಲೇರುತ್ತದೆ. ಒಣಗಿದ ಪಾಚಿ, ಚಿಪ್ಪು ಮತ್ತು ಕಸಕಡ್ಡಿಗಳ ಸಾಲು ಹಿಂದಿನ ಉಬ್ಬರದ ಮಿತಿಯನ್ನು ಸೂಚಿಸುತ್ತದೆ. ಬೀಡು ಅದಕ್ಕಿಂತ ಸಾಕಷ್ಟು ಮೇಲಿರಬೇಕು. ಕಡಿದಾದ ಗುಡ್ಡದ ಬುಡದಲ್ಲಿ ಕಲ್ಲು ಜಾರುವ ಅಪಾಯವಿದೆ. ಕುಡಿಯುವ ನೀರನ್ನು ಜೊತೆಗೆ ಒಯ್ಯುವುದು ಕ್ಷೇಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಕಡಲು ಪ್ರಕ್ಷುಬ್ಧವಾಗಿದ್ದು, ಬಂಡೆಗಳು ಜಾರುತ್ತವೆ.

ನಿಯಮ ಮತ್ತು ಪರಿಸರ

ಅರಣ್ಯಕ್ಕೆ ಸೇರಿದ ಭಾಗದಲ್ಲಿ ತಂಗಲು ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಉತ್ತರ ಕನ್ನಡದ ಮರಳುತೀರಗಳಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲೆ ಕಡಲಾಮೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಬೆಂಕಿ ಮತ್ತು ದೀಪಗಳ ಬೆಳಕು ಆಮೆಮರಿಗಳನ್ನು ಸಮುದ್ರದ ದಿಕ್ಕಿನಿಂದ ತಪ್ಪಿಸುತ್ತದೆ.