ಬಂಡೆಯ ಹುಟ್ಟು, ಕೊಳವೆಬಾವಿಯ ನೀರು

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೊರಟವರಿಗೆ ಬಿಡದಿ ದಾಟುತ್ತಿದ್ದಂತೆ ರಾಮನಗರದ ಬೃಹತ್ ಬಂಡೆಗಳು ಕಾಣಿಸತೊಡಗುತ್ತವೆ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದಲ್ಲಿ ಗಬ್ಬರ್ ಸಿಂಗನಿಗೆ ಆಶ್ರಯ ಕೊಟ್ಟ ಬಂಡೆಗಳು ಇವೇ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ನೆನಪಿಗೆ ಬಂದ ಹೆಸರು ಅದು. ಊರಿನ ಹೆಸರು ಬದಲಾಯಿತು. ಭೂವಿಜ್ಞಾನಿಗಳ ಬಾಯಲ್ಲಿ ಕಲ್ಲು ಮಾತ್ರ ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’.

ದಕ್ಷಿಣದ ಕಬ್ಬಾಳದುರ್ಗದ ಕಡೆಯಿಂದ ರಾಮನಗರ, ಪಾವಗಡಗಳನ್ನು ಹಾಯ್ದು ಬಳ್ಳಾರಿ ಸೀಮೆಯವರೆಗೆ ಈ ಕಲ್ಲಿನ ಪಟ್ಟಿ ಸುಮಾರು 400 ಕಿ.ಮೀ. ಚಾಚಿದೆ. ಅಗಲ 20ರಿಂದ 30 ಕಿ.ಮೀ. ಮಾತ್ರ. ವಯಸ್ಸು ಸುಮಾರು 250 ಕೋಟಿ ವರ್ಷ! ಇಷ್ಟು ಹಳೆಯ ಕಲ್ಲಿಗೂ ಇಂದಿನ ಮಕ್ಕಳ ಹಲ್ಲಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ಅದನ್ನು ತಿಳಿಯಲು ಗ್ರಾನೈಟ್ ಹುಟ್ಟುವ ಬಗೆಯನ್ನು ನೋಡಬೇಕು.

ಐಸ್‌ಕ್ಯಾಂಡಿಯ ಪಾಠ

ಗ್ರಾನೈಟ್ ನೀರಿನಲ್ಲಿ ಕೆಸರಿನಂತೆ ತಳಕ್ಕಿಳಿದು ಆದದ್ದೆಂದು ಹದಿನೆಂಟನೆಯ ಶತಮಾನದ ಅನೇಕ ವಿದ್ವಾಂಸರು ನಂಬಿದ್ದರು. 1785ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್ ಟಿಲ್ಟ್ ಕಣಿವೆಯಲ್ಲಿ ಜೇಮ್ಸ್ ಹಟನ್, ಗ್ರಾನೈಟಿನ ಎಳೆಗಳು ಬೇರೆ ಕಲ್ಲನ್ನು ಸೀಳಿಕೊಂಡು ಒಳನುಗ್ಗಿರುವುದನ್ನು ಕಂಡ. ಹಾಗೆ ನುಗ್ಗಬೇಕಾದರೆ ಅದು ಒಂದು ಕಾಲಕ್ಕೆ ಕಾದು ಕರಗಿದ ಶಿಲಾಪಾಕವೇ ಆಗಿರಬೇಕು.

ಈ ಪಾಕ ಬರುವುದು ಎಲ್ಲಿಂದ? ಐಸ್‌ಕ್ಯಾಂಡಿ ಚೀಪಿದ ಮಕ್ಕಳಿಗೆಲ್ಲ ಒಂದು ಸಂಗತಿ ಗೊತ್ತು. ಮೊದಲು ಬಾಯಿಗೆ ಬರುವುದು ಬಣ್ಣದ ಸಿಹಿ ರಸ. ಕಡ್ಡಿಯಲ್ಲಿ ಉಳಿಯುವುದು ಸಪ್ಪೆ ಮಂಜುಗಡ್ಡೆ. ಭೂಮಿಯ ಆಳದಲ್ಲಿ ಕಲ್ಲು ಕರಗುವುದೂ ಹೀಗೆಯೇ. ಕಲ್ಲು ಇಡಿಯಾಗಿ ಒಮ್ಮೆಲೇ ಕರಗುವುದಿಲ್ಲ. ಸಿಲಿಕ, ಸೋಡಿಯಂ, ಪೊಟ್ಯಾಸಿಯಂ ಹೆಚ್ಚಿರುವ ಭಾಗ ಮೊದಲು ಕರಗಿ ಬೇರ್ಪಡುತ್ತದೆ. ಕಬ್ಬಿಣ, ಮೆಗ್ನೀಷಿಯಂ ಹೆಚ್ಚಿರುವ ಗಟ್ಟಿ ಭಾಗ ಹಿಂದೆ ಉಳಿಯುತ್ತದೆ. ಆದ್ದರಿಂದಲೇ ಬಸಾಲ್ಟ್ ಕಲ್ಲಿನಲ್ಲಿ ಸಿಲಿಕ ನೂರಕ್ಕೆ 50ರಷ್ಟಿದ್ದರೆ ಗ್ರಾನೈಟಿನಲ್ಲಿ 70ಕ್ಕೂ ಮೀರಿರುತ್ತದೆ. 1958ರಲ್ಲಿ ಟಟಲ್ ಮತ್ತು ಬೋವೆನ್ ಎಂಬ ವಿಜ್ಞಾನಿಗಳು ಪ್ರಯೋಗಗಳಿಂದ ಇನ್ನೊಂದು ಮುಖ್ಯ ವಿಷಯವನ್ನು ತೋರಿಸಿಕೊಟ್ಟರು. ಒತ್ತಡದಲ್ಲಿ ನೀರು ಜೊತೆಗಿದ್ದರೆ ಗ್ರಾನೈಟ್ 650ರಿಂದ 700 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕರಗಬಲ್ಲದು.

ಕಲ್ಲಿನ ಮನೆತನ

ಕರಗಿದ ಮೂಲ ಶಿಲೆ ಯಾವುದು ಎಂಬುದಕ್ಕೂ ರಸಾಯನ ವಿಜ್ಞಾನದಲ್ಲಿ ಉತ್ತರವಿದೆ. ರುಬಿಡಿಯಂ-87 ಎಂಬ ವಿಕಿರಣಶೀಲ ಧಾತು ನಿಧಾನವಾಗಿ ಸ್ಟ್ರಾನ್ಷಿಯಂ-87 ಆಗಿ ಮಾರ್ಪಡುತ್ತದೆ. ಅರ್ಧ ಪಾಲು ಮಾರ್ಪಡಲು ಸುಮಾರು 5,000 ಕೋಟಿ ವರ್ಷ ಬೇಕು. ಭೂಮಿಯ ಹೊರಚಿಪ್ಪಿನಲ್ಲಿ ರುಬಿಡಿಯಂ ಹೆಚ್ಚು. ಅದರ ಕೆಳಗಿನ ಮ್ಯಾಂಟಲ್ ಪದರದಲ್ಲಿ ತೀರ ಕಡಿಮೆ. ಹೀಗಾಗಿ ಹಳೆಯ ಚಿಪ್ಪು ಕರಗಿ ಆದ ಪಾಕದಲ್ಲಿ ಸ್ಟ್ರಾನ್ಷಿಯಂ-87ರ ಪ್ರಮಾಣ ಏರಿರುತ್ತದೆ. ಮ್ಯಾಂಟಲಿನಿಂದ ಬಂದದ್ದರಲ್ಲಿ ಅದು ಕಡಿಮೆ ಇರುತ್ತದೆ.

ಕ್ಲೋಸ್‌ಪೇಟೆ ಗ್ರಾನೈಟಿನಲ್ಲಿ ಇಂಥ ಗುರುತುಗಳನ್ನು 1990ರ ದಶಕದಲ್ಲಿ ಭಾರತೀಯ ಮತ್ತು ಫ್ರೆಂಚ್ ಭೂವಿಜ್ಞಾನಿಗಳು ಹುಡುಕಿದಾಗ ಅದಕ್ಕೆ ಎರಡೂ ಕಡೆಯ ನಂಟಿರುವುದು ಕಂಡುಬಂತು. ಮ್ಯಾಂಟಲಿನಿಂದ ಬಿಸಿ ಪಾಕ ಮೇಲೆದ್ದು ಬಂದಿತ್ತು. ಅದರ ಕಾವಿಗೆ ಅಲ್ಲಿದ್ದ ಹಳೆಯ ನೈಸ್ ಶಿಲೆಯೂ ಕರಗಿ ಬೆರೆತಿತ್ತು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಸುಮಾರು 300 ಕೋಟಿ ವರ್ಷ ವಯಸ್ಸಿನ ಅಂಥದೇ ನೈಸ್ ಶಿಲೆ. ಹಳೆಯ ನೆಲ ಕರಗಿ ಮರುಹುಟ್ಟು ಪಡೆದಾಗಲೇ ಹೊಸ ನೆಲವೂ ಅದಕ್ಕೆ ಸೇರಿಕೊಂಡಿತು ಎಂದಾಯಿತು.

ಕೊನೆಗೆ ಉಳಿದದ್ದು

ಈಗ ಐಸ್‌ಕ್ಯಾಂಡಿಯ ಪಾಠವನ್ನು ತಿರುವಿ ಹಾಕೋಣ. ಶಿಲಾಪಾಕ ತಣ್ಣಗಾಗುವಾಗ ಒಂದೊಂದೇ ಖನಿಜ ಹರಳುಗಟ್ಟುತ್ತದೆ. ಮೊದಲ ಹರಳುಗಳಲ್ಲಿ ಜಾಗ ಸಿಗದ ಧಾತುಗಳು ಉಳಿದ ಪಾಕದಲ್ಲಿ ಒಟ್ಟುಗೂಡುತ್ತವೆ. ಯುರೇನಿಯಂ, ಥೋರಿಯಂ ಹೀಗೆ ಉಳಿಯುವಂಥವು. ಫ್ಲೋರಿನ್ ಕೂಡ ಹೀಗೆ ಉಳಿದು, ಕಪ್ಪು ಅಭ್ರಕ, ಅಪಟೈಟ್, ಫ್ಲೋರೈಟ್ ಮುಂತಾದ ಖನಿಜಗಳಲ್ಲಿ ಸೇರುತ್ತದೆ.

ಅದು ಕಲ್ಲಿನೊಳಗೆ ಇರುವವರೆಗೆ ಚಿಂತೆಯಿಲ್ಲ. ಆದರೆ ಬಂಡೆಯ ಬಿರುಕುಗಳಲ್ಲಿ ನೀರು ವರ್ಷಗಟ್ಟಲೆ ನಿಂತಾಗ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ಕ್ಯಾಲ್ಸಿಯಂ ಕಡಿಮೆಯಿರುವ ಕ್ಷಾರೀಯ ನೀರಿನಲ್ಲಿ ಇನ್ನೂ ಹೆಚ್ಚು. ಮಳೆ ಕಡಿಮೆಯಾದ ಸೀಮೆಗಳಲ್ಲಿ ತೆರೆದ ಬಾವಿ ಬತ್ತಿ, ಕೊಳವೆಬಾವಿ ಆಳಕ್ಕಿಳಿದಂತೆ ಮೇಲೆ ಬರುವುದು ಬಹುಮಟ್ಟಿಗೆ ಈ ಹಳೆಯ ನೀರೇ. ಪಾವಗಡ, ಕೋಲಾರದ ಕಡೆಯ ಜನರಿಗೆ ಈ ತೊಂದರೆ ಹೊಸದಲ್ಲ.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ಬೇರೆ ನೀರು ಸಿಗದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅತಿಯಾದರೆ ಮೊದಲು ಕೆಡುವುದು ಇನ್ನೂ ವಸಡಿನೊಳಗೆ ಬೆಳೆಯುತ್ತಿರುವ ಮಕ್ಕಳ ಹಲ್ಲು. ಹುಟ್ಟುವ ಹಲ್ಲಿನ ಮೇಲೆ ಬಿಳಿ ಚುಕ್ಕೆ, ಕಂದು ಪಟ್ಟೆ ಮೂಡುತ್ತವೆ. ಉಜ್ಜಿದರೆ ಅವು ಹೋಗುವುದಿಲ್ಲ. ಅತಿ ಫ್ಲೋರೈಡಿನ ನೀರನ್ನು ಬಹುಕಾಲ ಕುಡಿದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ.

ತಾಯಿತಂದೆಯರು ತಿಳಿದಿರಬೇಕಾದ ಮಾತೊಂದಿದೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಈ ನೀರಿಗೆ ಬಣ್ಣ, ವಾಸನೆಗಳ ಗುರುತೂ ಇಲ್ಲ. ಪರೀಕ್ಷೆ ಮಾಡಿಸುವುದೊಂದೇ ದಾರಿ. ಚಾವಣಿಯ ಮಳೆನೀರನ್ನು ಶುಚಿಯಾಗಿ ಸಂಗ್ರಹಿಸಿದರೆ ಅದರಲ್ಲಿ ಫ್ಲೋರೈಡ್ ಇಲ್ಲವೆಂಬಷ್ಟು ಕಡಿಮೆ.

ಪ್ರೌಢಶಾಲೆಯ ವಿದ್ಯಾರ್ಥಿಗಳು ತಮ್ಮೂರಿನ ಬಂಡೆಯ ಚೂರೊಂದನ್ನು ಕೈಗೆತ್ತಿಕೊಂಡು ನೋಡಲಿ. ಗಾಜಿನಂಥ ಬೆಣಚು, ನಸುಗೆಂಪು ಫೆಲ್ಡ್‌ಸ್ಪಾರ್, ನಡುವೆ ಮಿನುಗುವ ಕಪ್ಪು ಅಭ್ರಕ ಬರಿಗಣ್ಣಿಗೇ ಕಾಣುತ್ತವೆ. ಆ ಕಪ್ಪು ಚುಕ್ಕೆಗಳನ್ನು ಗುರುತಿಸಿದ ಮೇಲೆ, ಊರಿನ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿದ್ದಾರೆಯೇ ಎಂದು ಮನೆಯ ಹಿರಿಯರನ್ನೂ ಪಂಚಾಯಿತಿಯವರನ್ನೂ ಕೇಳಲಿ.